ಶುಕ್ರವಾರದ ಮನೆ

ಭಾನುವಾರ ರಾತ್ರಿ ರೊಟ್ಟಿ ಬಡಿದು ಕೈ ತೊಳೆದ ಮೇಲೆ
ಪಾಠ ಯೋಜನೆಯ ಪುಸ್ತಕದಲ್ಲಿ ಆರು ಮನೆ ಎಳೆಯುತ್ತೇನೆ.
ಶನಿವಾರದ್ದು ಅರ್ಧ ಮನೆ, ಅದಕ್ಕೆ ಪಡಸಾಲೆಯಿಲ್ಲ.
ಮನೆ ಕಟ್ಟಿದರಾಯಿತೇ, ಒಕ್ಕಲು ಬೇಕಲ್ಲ:
ಸೋಮವಾರಕ್ಕೆ ಹತ್ತರ ಪುಡಿಕೆ, ತೊಗರಿ ಕಾಳಿನದು.
ಮಂಗಳವಾರ ಸಂತೆ, ಕಾಗದದ ರೊಕ್ಕ.
ಬುಧವಾರ ಅಳತೆ: ಗೇಣು, ಮೊಳ, ಹೆಜ್ಜೆ.
ಗುರುವಾರ ಅದೇ, ದಾರ ಹಿಡಿದು.
ಶುಕ್ರವಾರ, ಕೆಂಪು ಶಾಯಿಯಲ್ಲಿ:
‘ಎಲ್ಲರಿಗೂ ಒಂದೇ ಅಳತೆ ಏಕೆ ಬೇಕು?’
ಕೆಂಪು ಶಾಯಿ ಅಂದರೆ ಹೋಳಿಗೆ.
ಮಿಕ್ಕ ದಿನವೆಲ್ಲ ಒಲೆಗೆ ಪುಳ್ಳೆ.

ಚಿತ್ತಾಪುರದ ಬಸ್ಸಿಳಿದು ಎರಡು ಫರ್ಲಾಂಗು,
ಕಲ್ಲಿನ ಧೂಳು ಕೂತ ಬೇವಿನ ಮರ, ಅದರ ಹಿಂದೆ ಸಾಲಿ.
ಸಾಲಿಗೊಂದೇ ಕಪಾಟು. ಅದರಲ್ಲಿ ಡಬ್ಬಿ, ಡಬ್ಬಿಗೊಂದು ಚೀಟಿ:
ಗುಂಡಿ. ಬಾಟಲಿ ಮುಚ್ಚಳ. ಹುಣಸೆ ಬೀಜ.
ಅಕ್ಷರದ ಕಾರ್ಡು. ಹರಿದ ಅಕ್ಷರದ ಕಾರ್ಡು.
‘ಏನಂತ ಗೊತ್ತಿಲ್ಲ, ಎಸೆಯಬೇಡಿ.’
ಬಂಡೆಪ್ಪ ಸರ್ ಬಾಗಿಲಲ್ಲಿ ನಿಂತು ನಗುತ್ತಾರೆ:
“ಅಕ್ಕೋರ, ಇದು ಸಾಲಿನೋ ಕಿರಾಣಿ ಅಂಗಡಿನೋ?”
“ಉದ್ರಿ ಮಾತ್ರ ಇಲ್ಲ ಸರ್.”

ಬುಧವಾರ ಬೆಳಿಗ್ಗೆ, ‘ಸ್ಕೇಲು: ೧೨’ ಅನ್ನುವ ಡಬ್ಬಿಯಲ್ಲಿ
ಹನ್ನೊಂದು. ಮೂರು ಸಲ ಎಣಿಸಿದೆ, ಹನ್ನೊಂದೇ.
ಕಣ್ಣು ತಾನಾಗಿ ಹುಡುಗರ ಚೀಲಗಳ ಕಡೆ ಹೋಯಿತು.
ಹೋಗಬಾರದಿತ್ತು.

ಖೋಲಿಯ ಈ ಗೋಡೆಯಿಂದ ಆ ಗೋಡೆಗೆ,
ನುಣುಪಾದ ಫರ್ಸಿ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ
ಭಾಗಮ್ಮ ನಡೆದಳು: ಮೂವತ್ತೊಂದು.
ಅಂಬಾರಾಯ ನಡೆದ: ಇಪ್ಪತ್ತಾರು.
“ಲೆಕ್ಕದಾಗ ಕಳ್ಳತನ ಮಾಡ್ಯಾನ್ರೀ!”
“ಇಕಿನೇ ಎರಡೆರಡು ಸಲ ಎಣಿಸ್ಯಾಳ್ರೀ!”
ತಹಸೀನ್ ಗೋಡೆ ಮುಟ್ಟಿ ನೋಡಿದಳು, ಮೆಲ್ಲಗೆ ಕೇಳಿದಳು:
“ಖೋಲಿ ಹಿಗ್ಗಿ ಕುಗ್ಗತದೇನ್ರಿ ಅಕ್ಕೋರ?”

ನಾನು ತುಟಿ ಬಿಗಿದು ಕೂತೆ.
ಶುಕ್ರವಾರದವರೆಗೆ ಈ ಜಗಳ ಆರಬಾರದು,
ಪುಸ್ತಕದಲ್ಲಿ ಹಾಗೆಯೇ ಇದೆ.

ಆಗ ಹುಸೇನಪ್ಪ ಎದ್ದ.
ಜೂನಿನಿಂದ “ಹಾಜರ್ರೀ” ಬಿಟ್ಟು ಬೇರೆ ಮಾತಾಡದವನು
ಕೇಳದೆ ಹೊರಗೆ ಹೋದ. ಕರೆಯಬೇಕು ಅನ್ನುವಷ್ಟರಲ್ಲಿ
ಅಡುಗೆ ಕೋಣೆ ಹಿಂದಿನ ರಾಶಿಯಿಂದ
ಒಂದು ಒಣ ತೊಗರಿ ಕಟ್ಟಿಗೆ ಹಿರಿದು ತಂದ,
ಟೊಂಗೆ ಸವರಿದ,
ಸೊಂಟದ ಎತ್ತರ ನೋಡಿ ಮೊಣಕಾಲಿಗೆ ಕೊಟ್ಟು ಲಟ್ಟನೆ ಮುರಿದ.
“ನಮ್ಮಪ್ಪ ಖಣಿಯಾಗ ಹಿಂಗೇ ಮಾಡ್ತಾನ್ರೀ.
ಅವಗ ಯಾರ ಕಾಲಿನ ಮ್ಯಾಲೂ ನಂಬಿಕಿ ಇಲ್ರೀ.”

ಕೋಲು ಕೈಯಿಂದ ಕೈಗೆ ಹೋಯಿತು.
ಭಾಗಮ್ಮ: ಎಂಟು, ಮ್ಯಾಲ ಚೂರು.
ಅಂಬಾರಾಯ: ಎಂಟು, ಮ್ಯಾಲ ಚೂರು.
ಬಂಡೆಪ್ಪ ಸರ್ ಕೂಡ ಚಪ್ಪಲಿ ಬಿಟ್ಟು ಒಳಬಂದು,
ಧೋತರ ಎತ್ತಿ ಹಿಡಿದು ಬಗ್ಗಿ: ಎಂಟು, ಮ್ಯಾಲ ಚೂರು.

ನನ್ನ ಹೋಳಿಗೆ ಎರಡು ದಿನ ಮೊದಲೇ
ಯಾರದೋ ಬುತ್ತಿಯಿಂದ ಹೊರಬಂದಿತ್ತು.
ಖುಷಿಯೇ ಆಯಿತು. ಸುಳ್ಳೇಕೆ, ಸ್ವಲ್ಪ ಹೊಟ್ಟೆಯೂ ಉರಿಯಿತು:
ಮೂರು ರಾತ್ರಿ ಕಾಪಾಡಿಟ್ಟ ಮಾತು.

ಸಂಜೆ ಕೋಲನ್ನು ಕಪಾಟಿನಲ್ಲಿಡಲು ಬಾಗಿಲೆಳೆದರೆ
ಸಂದಿಯಿಂದ ಟಪ್ಪನೆ ಬಿತ್ತು ಹನ್ನೆರಡನೆಯ ಸ್ಕೇಲು.
ಬಾಗಿಲು ನಿಲ್ಲದೆಂದು ಶ್ರಾವಣದಲ್ಲಿ
ನಾನೇ ಹೊಡೆದಿದ್ದ ಬೆಣೆ.
ಖಾಲಿ ಬೆಂಚುಗಳ ಕಡೆ ನೋಡಲು ನಾಚಿಕೆಯಾಯಿತು.

ರಾತ್ರಿ ಪುಸ್ತಕ ತೆರೆದು
ಶುಕ್ರವಾರದ ಕೆಂಪು ಸಾಲಿನಿಂದ ಬುಧವಾರಕ್ಕೊಂದು ಬಾಣ ಎಳೆದೆ.
ಮನೆ ಖಾಲಿ. ತಪಾಸಣೆಗೆ ಬಂದವರು ಕೇಳಿದರೆ?
ಊಟಕ್ಕೆ ಕೂತಾಗಲೂ ಅದೇ ಯೋಚನೆ,
ಆಮೇಲೆ, ತಾಟು ತೊಳೆಯುವಾಗ, ತಹಸೀನಳ ದನಿ.
ಗಂಟೆ ಹೊಡೆದ ಮೇಲೂ ಬಾಗಿಲಲ್ಲಿ ನಿಂತು ಕೇಳಿದ್ದಳು,
ಬಸ್ಸಿನ ಅವಸರಕ್ಕೆ ನಾನು “ಹ್ಞೂಂ, ಹ್ಞೂಂ” ಅಂದಿದ್ದೆ:
“ಚೂರು ಅಂದ್ರ ಎಷ್ಟ್ರೀ?”

ಒದ್ದೆ ಕೈಯಲ್ಲೇ ಪೆನ್ಸಿಲು ಹಿಡಿದು
ಶುಕ್ರವಾರದ ಮನೆಯಲ್ಲಿ ಬರೆದೆ: ಚೂರು.
ಸ್ಕೇಲು ಹನ್ನೆರಡೂ ಬೇಕು.
ಬಾಗಿಲ ಸಂದಿಗೆ
ಹುಸೇನಪ್ಪ ಮುರಿದೆಸೆದ ತುದಿಯ ತುಂಡು ಸಾಕು.